ಏಳುವಾಗ ನಿಧಾನ, ಕೂಸೆ

ಶಿರಸಿ
ಯುಗಾದಿ ಕಳೆದ ವಾರ

ಪ್ರೀತಿಯ ಕೂಸಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ನಿನ್ನ ಆಯಿ ಫೋನಿನಲ್ಲಿ ಅಳುವ ದನಿಯಲ್ಲೇ ಮಾತಾಡಿದಳು. "ಅಕ್ಕಾ, ಬಿಪಿ 88/56 ಅಂತೆ. ಒಂಬತ್ತನೇ ವಾರಕ್ಕೇ ಹೀಗಾದ್ರೆ ಮುಂದೆ ಹೇಗೆ?" ಅಂದಳು. ಅವಳಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತಿದ್ದೇನೆ, ಸ್ವಲ್ಪ ಜಾಸ್ತಿ ವಿವರವಾಗಿ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಬಸುರಿಯರ ಬಿಪಿ ನೋಡುತ್ತಲೇ ನನ್ನ ನರ್ಸ್ ನೌಕರಿ ಕಳೆದದ್ದು ನಿನಗೆ ಗೊತ್ತಲ್ಲ.

ಮೊದಲ ತಿಂಗಳುಗಳಲ್ಲಿ ಬಿಪಿ ಇಳಿಯುವುದು ರೋಗ ಅಲ್ಲ. ಬಸಿರು ನಿಂತ ಮೇಲೆ ಹಾರ್ಮೋನುಗಳು ರಕ್ತನಾಳಗಳನ್ನು ಸಡಿಲ ಮಾಡುತ್ತವೆ. ತೋಟದ ಪೈಪು ದಪ್ಪದ್ದಾದರೆ ಅಷ್ಟೇ ನೀರಿದ್ದರೂ ರಭಸ ಕಡಿಮೆ ಆಗುತ್ತದಲ್ವಾ, ಹಾಗೆ. ಮುಂದೆ ರಕ್ತವೂ ಹೆಚ್ಚುತ್ತದೆ. ಏಳೆಂಟು ತಿಂಗಳಿಗೆ ಮೊದಲಿಗಿಂತ ಶೇ 40–50ರಷ್ಟು ಜಾಸ್ತಿ ಆಗಿರುತ್ತದೆ. ಆದರೆ ಬಿಪಿ ಐದಾರು ತಿಂಗಳವರೆಗೂ ಕೆಳಗೇ ಇದ್ದು, ಆಮೇಲೆ ನಿಧಾನಕ್ಕೆ ಹಳೆಯ ಮಟ್ಟಕ್ಕೆ ಬರುತ್ತದೆ. 90/60ಕ್ಕಿಂತ ಕೆಳಗಿದ್ದರೆ ಕಡಿಮೆ ಅನ್ನುತ್ತಾರೆ, ನಿಜ. ಆದರೆ ನಿನ್ನದು ಮದುವೆಗೆ ಮುಂಚೆಯೂ 100ರ ಆಸುಪಾಸಿನಲ್ಲೇ ಇರುತ್ತಿತ್ತು. ಅದನ್ನು ಡಾಕ್ಟರಿಗೆ ಹೇಳಿ ತಾಯಿ ಕಾರ್ಡಿನಲ್ಲಿ ಬರೆಸು. ಬೇರೆ ತೊಂದರೆ ಇಲ್ಲದೆ ಬಿಪಿ ಇಷ್ಟು ಇಳಿದರೆ ಸಾಮಾನ್ಯವಾಗಿ ಮಗುವಿಗೆ ಏನೂ ಆಗುವುದಿಲ್ಲ.

ನನಗಿರುವ ಭಯ ಬೇರೆ. ನೀನು ತಲೆ ತಿರುಗಿ ಬೀಳಬಾರದು.

ಅದಕ್ಕೇ ಮೊದಲು ಬಚ್ಚಲಿನ ಮಾತು. ನಮ್ಮ ಮನೆಗಳಲ್ಲಿ ಸ್ನಾನ ಅಂದರೆ ಹಂಡೆ ತುಂಬ ಕುದಿಯುವ ನೀರು, ಒಲೆಯ ಕಾವು, ಹೊಗೆ, ಮುಚ್ಚಿದ ಬಾಗಿಲು. ಬಿಸಿನೀರು ಮೈಗೆ ಬಿದ್ದರೆ ರಕ್ತನಾಳ ಇನ್ನೂ ಹಿಗ್ಗುತ್ತದೆ. ಗಿಡ್ಡ ಮಣೆಯ ಮೇಲೆ ಕೂತು ಮಿಂದು, ಟವೆಲ್ಲಿಗೆ ಕೈ ಚಾಚುತ್ತಾ ಧಡಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಕೆಳಗೆ ಪಾಚಿ ಹಿಡಿದ ಕಲ್ಲು, ಪಕ್ಕದಲ್ಲಿ ಒಲೆ. ನೀರು ಉಗುರು ಬೆಚ್ಚಗಿರಲಿ. ಮಣೆ ಬೇಡ, ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊ. ಟವೆಲ್ಲು ಕೈಗೆ ಸಿಗುವ ಹಾಗಿರಲಿ. ಬಾಗಿಲು ಮುಂದೆ ಮಾಡು, ಚಿಲಕ ಹಾಕಬೇಡ. ನಾಚಿಕೆ ಆದರೂ ಇದೊಂದು ಮಾತು ಕೇಳು.

ಬೆಳಿಗ್ಗೆ ಏಳುವುದಕ್ಕೂ ಒಂದು ಕ್ರಮ ಇದೆ. ಮೊದಲು ಮಗ್ಗುಲಾಗು. ಕಾಲು ಕೆಳಗಿಳಿಸಿ ಒಂದೆರಡು ನಿಮಿಷ ಸುಮ್ನೆ ಕೂತಿರು. ತಲೆದಿಂಬಿನ ಹತ್ತಿರ ಟೋಸ್ಟೋ ಅರಳೋ ಇಟ್ಟುಕೊಂಡಿದ್ದು, ಎರಡು ತುತ್ತು ತಿಂದು ಎದ್ದು ನಿಲ್ಲು. ವಾಂತಿಗೂ ಅದು ಒಳ್ಳೆಯದು. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ, ಬೋರ್ಡಿನ ಮುಂದೆ ನಿಂತಾಗ ರಕ್ತವೆಲ್ಲ ಕಾಲಿಗೆ ಇಳಿಯುತ್ತದೆ. ಹಿಮ್ಮಡಿ ಎತ್ತಿ ಇಳಿಸುತ್ತಾ ಇರು, ಇಲ್ಲವೇ ಕೂತು ಪಾಠ ಮಾಡು. ಹೆಡ್‌ಮಾಸ್ತರರಿಗೆ ಈಗಲೇ ವಿಷಯ ಹೇಳಿಬಿಡು. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಅಂತ ನಿಮ್ಮ ಮನೆಯಲ್ಲಿ ಹೇಳಬಹುದು. ನೀನು ಬಿದ್ದರೆ ಹಿಡಿಯಬೇಕಾದವರಿಗೆ ಗೊತ್ತಿರಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಾರವಾರದ ಸೆಕೆ ಶಿರಸಿಯದ್ದಲ್ಲ. ಕೂತಲ್ಲೇ ಬೆವರು ಇಳಿಯುತ್ತದೆ, ಮೇಲಿಂದ ವಾಂತಿ ಬೇರೆ. ದಿನಕ್ಕೆ ಎರಡೂವರೆ, ಮೂರು ಲೀಟರ್ ನೀರು ಹೊಟ್ಟೆಗೆ ಹೋಗಲಿ, ಒಮ್ಮೆಲೇ ಅಲ್ಲ, ಗುಟುಕು ಗುಟುಕಾಗಿ. ಬರಿ ನೀರು ಓಕರಿಕೆ ತಂದರೆ ನೀರುಮಜ್ಜಿಗೆ, ಗಂಜಿತಿಳಿ, ಎಳನೀರು, ಮುರುಗಲ ಪಾನಕ ಕುಡಿ. ಮೂತ್ರ ತಿಳಿಯಾಗಿದ್ದರೆ ನೀರು ಸಾಕಾಗಿದೆ ಅಂತ ತಿಳಿ. ಊಟ ಮೂರು ಸಲ ಹೊಟ್ಟೆ ಬಿರಿಯೆ ಬೇಡ. ಆರು ಸಲ ಸ್ವಲ್ಪ ಸ್ವಲ್ಪ ತಿನ್ನು. ಏಕಾದಶಿ, ಸಂಕಷ್ಟಿ ಉಪವಾಸ ಈ ವರ್ಷಕ್ಕೆ ಬಿಡು.

ಇನ್ನು ಉಪ್ಪು. ಯಾರೋ ದಿನಾ ಒಂದು ಚಮಚ ಉಪ್ಪು ಕದಡಿ ಕುಡಿ ಅಂದರಂತೆ. ಬೇಡ. ಊಟದಲ್ಲಿ ಎಂದಿನ ಹಾಗೆ ಇರಲಿ, ಹೆಚ್ಚು ಮಾಡುವುದಿದ್ದರೆ ಡಾಕ್ಟರು ಹೇಳಲಿ. ವಾಂತಿ ಜೋರಾದರೆ ಓಆರ್‌ಎಸ್ ಪೊಟ್ಟಣ ಇದೆ, ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ ಕುಡಿ. ಜ್ಯೇಷ್ಠಮಧು ಬಿಪಿ ಏರಿಸುತ್ತದೆ ಅಂತ ಕಷಾಯಕ್ಕೆ ಹಾಕುವವರಿದ್ದಾರೆ. ಏರಿಸುತ್ತದೆ, ಹೌದು. ಆದರೆ ಬಸುರಿಯರಿಗೆ ಅದು ಒಳ್ಳೆಯದಲ್ಲ. ಗೊತ್ತಿಲ್ಲದ ಬೇರು, ಪುಡಿ ಯಾವುದನ್ನೂ ಮುಟ್ಟಬೇಡ, ಕೊಟ್ಟವರು ಎಷ್ಟೇ ಪ್ರೀತಿಯವರಾದರೂ ಸರಿ. ಕಾಫಿ ದಿನಕ್ಕೆ ಎರಡು ಲೋಟ ಸಾಕು.

ತಲೆ ತಿರುಗುವುದೆಲ್ಲ ಬಿಪಿಯಿಂದಲೇ ಅಂದುಕೊಳ್ಳಬೇಡ. ರಕ್ತ ಕಡಿಮೆ ಇದ್ದರೂ ಹೀಗೇ ಆಗುತ್ತದೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಡಾಕ್ಟರ ಹತ್ತಿರ ಮಾತಾಡು. ಈಗ ಫೋಲಿಕ್ ಆಸಿಡ್ ಮಾತ್ರೆ ತಪ್ಪಿಸಬೇಡ. ನಾಲ್ಕನೇ ತಿಂಗಳಿಂದ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಅದನ್ನು ಚಹಾ, ಕಾಫಿ, ಹಾಲಿನ ಜೊತೆ ನುಂಗಬೇಡ, ನಿಂಬೆ ಪಾನಕದ ಜೊತೆ ತಗೋ.

ಈಗ ಹೇಳುವುದನ್ನು ಅಳಿಯಂದಿರಿಗೂ ಓದಿ ಹೇಳು. ಹೊಟ್ಟೆಯ ಕೆಳಗೆ, ಅದರಲ್ಲೂ ಒಂದೇ ಬದಿಗೆ, ಜೋರು ನೋವು ಬಂದು ತಲೆ ಸುತ್ತಿದರೆ, ರಕ್ತ ಕಂಡರೆ, ಭುಜದ ತುದಿ ನೋಯತೊಡಗಿದರೆ ಮನೆಯಲ್ಲಿ ಪಾನಕ ಮಾಡುತ್ತಾ ಕೂರಬಾರದು. ಬಸಿರು ಗರ್ಭಕೋಶದ ಬದಲು ಅದರ ಪಕ್ಕದ ನಾಳದಲ್ಲಿ ನಿಂತಿದ್ದರೆ ಹೀಗಾಗುತ್ತದೆ, ಒಳಗೇ ರಕ್ತ ಹೋಗುತ್ತಿರುತ್ತದೆ. ತಕ್ಷಣ 108ಕ್ಕೆ ಫೋನ್ ಮಾಡಬೇಕು. ಬಸಿರು ಗರ್ಭಕೋಶದಲ್ಲೇ ಇದೆ ಅಂತ ಸ್ಕ್ಯಾನಿಂಗಿನಲ್ಲಿ ನೋಡಿದ್ದಾರಾ? ಇಲ್ಲದಿದ್ದರೆ ಈ ವಾರವೇ ಮಾಡಿಸು. ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪಿ ಬೀಳುವುದು, ಒಂದು ದಿನ ಪೂರ್ತಿ ನೀರೂ ನಿಲ್ಲದಂಥ ವಾಂತಿ, ಇವಕ್ಕೂ ಆಸ್ಪತ್ರೆಗೇ ಹೋಗಬೇಕು.

ಸುಮ್ನೆ ಕಣ್ಣು ಕತ್ತಲೆ ಬಂದರೆ ಎಲ್ಲಿದ್ದೀಯೋ ಅಲ್ಲೇ ಕೂತುಬಿಡು, ನೆಲವಾದರೂ ಸರಿ. ಸಾಧ್ಯವಾದರೆ ಮಲಗಿ ಕಾಲಿನ ಕೆಳಗೆ ದಿಂಬು ಇಟ್ಟುಕೊ. ಪ್ರಜ್ಞೆ ಇಲ್ಲದಾಗ ಯಾರೂ ಬಾಯಿಗೆ ನೀರು ಹಾಕಬಾರದು, ಎಡ ಮಗ್ಗುಲಿಗೆ ಹೊರಳಿಸಬೇಕು. ಅಳಿಯಂದಿರು ಕೈಗಾಕ್ಕೆ ರಾತ್ರಿ ಪಾಳಿಗೆ ಹೋದಾಗ ನಿನ್ನ ಅತ್ತೆಯವರು ನಿನ್ನ ಕೋಣೆಯಲ್ಲೇ ಮಲಗಲಿ. ಕೇಳಲು ಸಂಕೋಚವಾದರೆ ಹೇಳು, ನಾನೇ ಅವರಿಗೆ ಫೋನ್ ಮಾಡುತ್ತೇನೆ.

ಇಲ್ಲಿಗೆ ಬರುವ ಆಸೆ ನಿನಗಿದೆ, ನಮಗೂ ಇದೆ. ಆದರೆ ಈಗ ದೇವಿಮನೆ ಘಟ್ಟದ ತಿರುವು ನಿನ್ನಿಂದ ಆಗದು. ವಾಂತಿ ನಿಂತ ಮೇಲೆ, ಡಾಕ್ಟರನ್ನು ಕೇಳಿ ಬಾ. ನಿನ್ನ ದೊಡ್ಡಪ್ಪ ಕುಮಟಾ ಸ್ಟೇಷನ್ನಿಗೆ ಕಾರು ತರುತ್ತಾರೆ.

ಬರುವ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತದೆ, ತಪ್ಪಿಸಬೇಡ. ಹಿಮೋಗ್ಲೋಬಿನ್ ಎಷ್ಟು ಬಂತು ಅಂತ ಅವತ್ತೇ ತಿಳಿಸು. ಬಸ್ಸಿನಲ್ಲಿ ಜೋನಿ ಬೆಲ್ಲದ ಡಬ್ಬಿ, ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ. ಬೆಲ್ಲ ತೆಳ್ಳೇವು ದೋಸೆಗೆ, ಮಾತ್ರೆಗೆ ಬದಲಿ ಅಲ್ಲ. ಉಪ್ಪಿನಕಾಯಿ ಬಾಯಿರುಚಿಗೆ ಒಂದು ಚೂರು ಸಾಕು.

ನಿನ್ನ
ದೊಡ್ಡಮ್ಮ