ಮರ ಯಾವುದೆಂದು ನೋಡದೆ ಪಾಲಿಶ್ ಹಚ್ಚಬೇಡಿ

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಗೃಹಪ್ರವೇಶದ ದಿನ ಗೊತ್ತಾಯಿತೆಂದರೆ ಪಾಲಿಶ್ ಕೆಲಸಕ್ಕೆ ಉಳಿಯುವುದು ಎರಡು ದಿನ, ಹೆಚ್ಚೆಂದರೆ ಮೂರು. ಸಾಗುವಾನಿ ಬಾಗಿಲು, ಹಲಸಿನ ದೇವರ ಮಂಟಪ, ಅಜ್ಜನ ಕಾಲದ ಬೀಟೆ ಕುರ್ಚಿ ಎಲ್ಲಕ್ಕೂ ಒಂದೇ ಡಬ್ಬಿಯ ಫ್ರೆಂಚ್ ಪಾಲಿಶ್, ಎಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಬಳಿದುಬಿಡುತ್ತಾರೆ. ಮಳೆಗಾಲ ಹಿಡಿಯುವಷ್ಟರಲ್ಲಿ ಒಂದು ಬೆಳ್ಳಗಾಗಿರುತ್ತದೆ, ಇನ್ನೊಂದು ಅಂಟಂಟಾಗಿರುತ್ತದೆ. ಆಮೇಲೆ ‘ಸ್ಪಿರಿಟ್ ಪಾಲಿಶ್ ನಿಲ್ಲಲ್ಲ’ ಎಂದು ಅರಗಿನ ಮೇಲೆ ದೂರು. ತಪ್ಪು ಅರಗಿನದಲ್ಲ.

ಅಂಟು ಉಳಿಯಲು ಮುಖ್ಯ ಕಾರಣ ಹಳೆಯ ದ್ರಾವಣ. ಅರಗು ಸ್ಪಿರಿಟ್‌ನಲ್ಲಿ ಕರಗಿದ ದಿನದಿಂದಲೇ ನಿಧಾನವಾಗಿ ಕೆಡುತ್ತಾ ಬರುತ್ತದೆ. ಆರು ತಿಂಗಳು ದಾಟಿದ್ದನ್ನು ಗಾಜಿನ ಮೇಲೆ ಒಂದು ಹನಿ ಹಾಕಿ ನೋಡಬೇಕು. ಮರುದಿನವೂ ಉಗುರು ಒತ್ತಿದರೆ ಗುರುತು ಬೀಳುವುದಾದರೆ ಚೆಲ್ಲಿಬಿಡಿ. ಅಂಗಡಿಯವರು ಚಪಡಾ ಎನ್ನುವ ಅರಗಿನ ಹಳಕು ತಂದು ಬೇಕಾದಷ್ಟೇ ಕಲಸಿಕೊಳ್ಳುವುದು ಮೇಲು. ಮೊದಲ ಕೈಗೆ ಲೀಟರ್ ಸ್ಪಿರಿಟ್‌ಗೆ 100ರಿಂದ 120 ಗ್ರಾಂ, ಆಮೇಲೆ ಪದರದ ಮೇಲೆ ಪದರ ಏರಿಸಿ ಮೈ ಕಟ್ಟುವಾಗ 200 ಗ್ರಾಂ. ಗಾಜು ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ ರಾತ್ರಿಯಿಡೀ ನೆನೆಯಲಿ, ಆಗಾಗ ಕುಲುಕಿ. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ದ್ರಾವಣ ಕಪ್ಪಾಗುತ್ತದೆ. ಅರಗಿನಲ್ಲಿ ಸಹಜವಾಗಿಯೇ ಸ್ವಲ್ಪ ಮೇಣವಿರುತ್ತದೆ. ಅದು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಂಡರೆ ಹೊಳಪು ಮಬ್ಬಾಗುವುದಿಲ್ಲ.

ಇನ್ನು ಮರದ ಮಾತು. ಸಾಗುವಾನಿಯಲ್ಲಿ ಎಣ್ಣೆಯಂಶ ಹೆಚ್ಚು. ಉಜ್ಜಿದ ಕೂಡಲೇ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರುತ್ತಿದ್ದಂತೆ ಮೊದಲ ಕೈ ಹಚ್ಚಬೇಕು. ಒರೆಸಿ ನಾಳೆಗೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಅದರ ರಂಧ್ರಗಳೂ ದೊಡ್ಡವು. ಸೀಮೆಸುಣ್ಣದ ಪುಡಿಗೆ ಕಾವಿ ಬೆರೆಸಿ, ಮರದ ಬಣ್ಣಕ್ಕೆ ಹೊಂದಿಸಿಕೊಂಡು ಅಡ್ಡಲಾಗಿ ತುಂಬಿ, ಒಣಗಿದ ಮೇಲೆ ಮರದ ಎಳೆಯ ದಿಕ್ಕಿಗೆ ಉಜ್ಜಬೇಕು. ಬೀಟೆಗೆ ಮಾತ್ರ ಬಿಳಿಪುಡಿ ಬೇಡವೇ ಬೇಡ. ವರ್ಷಗಳ ಮೇಲೆ ಕಪ್ಪು ಮರದ ತುಂಬ ಬಿಳಿ ಚುಕ್ಕೆಗಳು ಎದ್ದು ಕಾಣುತ್ತವೆ. ಬೀಟೆಯ ಬಣ್ಣ ಸ್ಪಿರಿಟ್‌ಗೆ ಬಿಡುತ್ತದೆ, ಪಕ್ಕದಲ್ಲಿ ತಿಳಿಬಣ್ಣದ ಕೆತ್ತನೆಯೋ ಪಟ್ಟಿಯೋ ಇದ್ದರೆ ಅದಕ್ಕೂ ಹತ್ತುತ್ತದೆ. ಹಾಗಾಗಿ ಮೊದಲೆರಡು ಕೈ ತೆಳ್ಳಗೆ, ಒಂದೇ ದಿಕ್ಕಿಗೆ, ಒತ್ತದೆ ಎಳೆಯಬೇಕು. ಹಲಸಿಗೆ ಬಣ್ಣ ಹಾಕುವುದು ಅನ್ಯಾಯ. ಬೆಳಕಿಗೆ ತಾನೇ ಹಳದಿಯಿಂದ ಕಂದಿಗೆ ತಿರುಗುವ ಮರ ಅದು, ಬಣ್ಣ ತೆಗೆದ ಬಿಳಿ ಅರಗೊಂದೇ ಸಾಕು. ಹೊನ್ನೆ ಒದ್ದೆಯಾದರೆ ಹಳದಿ ಬಿಡುತ್ತದೆ, ಒದ್ದೆ ಬಟ್ಟೆ ಸೋಕಿಸಬೇಡಿ. ನಮ್ಮ ಕಡೆ ಹೇರಳವಾಗಿರುವ ಬೇವಿನಲ್ಲಿ ಎಳೆ ಅಡ್ಡಾದಿಡ್ಡಿ. ತೋಪಡಾ (ಉಜ್ಜುಗೊರಡು) ಹೊಡೆದರೆ ಕಿತ್ತು ಬರುವುದುಂಟು. ಗಾಜಿನ ಚೂರಿನಲ್ಲೋ ಸ್ಕ್ರೇಪರಿನಲ್ಲೋ ಹೆರೆದು, 120, 180, 240 ಸಂಖ್ಯೆಯ ಮರಳು ಕಾಗದ ಹಿಡಿಯಿರಿ.

ಹಚ್ಚಲು ಬ್ರಷ್ ಸಾಲದು. ಹತ್ತಿಯ ಉಂಡೆಗೆ ಚೆನ್ನಾಗಿ ಒಗೆದು ಹಳತಾದ ಪಂಚೆಯ ತುಂಡು ಸುತ್ತಿ, ದ್ರಾವಣವನ್ನು ಹತ್ತಿಗೆ ಕುಡಿಸಬೇಕು. ಬಟ್ಟೆಯನ್ನು ನೇರ ಅದ್ದುವುದಲ್ಲ. ಉಂಡೆ ಸರಾಗವಾಗಿ ಜಾರಲು ಅಗಸೆ ಎಣ್ಣೆ ಒಂದೆರಡು ಹನಿ, ಹೆಚ್ಚಲ್ಲ. ಸುತ್ತು ಸುತ್ತಾಗಿ, ಆಮೇಲೆ ಎಂಟರ ಆಕಾರದಲ್ಲಿ ಆಡಿಸುತ್ತಲೇ ಇರಬೇಕು. ನಿಂತಿತೋ, ಕೆಳಗಿನ ಪದರ ಕರಗಿ ಉಂಡೆ ಕಚ್ಚುತ್ತದೆ, ಗಾಯ ಉಳಿಯುತ್ತದೆ. ದಿನಕ್ಕೊಂದು ಸಲ ಮೈ ಕಟ್ಟಿ, ರಾತ್ರಿ ಒಣಗಿಸಿ, ನಾಲ್ಕೈದು ದಿನ ಹೀಗೆ. ಕೊನೆಗೆ ಬರೀ ಸ್ಪಿರಿಟ್ ತೇವದ ಉಂಡೆಯಲ್ಲಿ ಎಣ್ಣೆ ಎಳೆದು ತೆಗೆಯಬೇಕು. ಇದನ್ನು ಬಿಟ್ಟರೆ ಹೊಳಪಿನ ಮೇಲೆ ಮಂಕು ಗೆರೆಗಳೇಳುತ್ತವೆ. ಅಗಸೆ ಎಣ್ಣೆ ಹತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತವೆ. ಸ್ಪಿರಿಟ್ ವಿಷ, ಬೇಗ ಹೊತ್ತುವಂಥದ್ದು. ಕಿಟಕಿ ತೆರೆದಿರಲಿ, ಹತ್ತಿರ ಬೀಡಿ, ದೀಪ ಬೇಡ.

ಏಪ್ರಿಲ್, ಮೇ ಬಿಸಿಲಲ್ಲಿ ಸ್ಪಿರಿಟ್ ಉಂಡೆಯಲ್ಲೇ ಆರಿಹೋಗುತ್ತದೆ, ಬೆಳಗಿನ ಹೊತ್ತು ಕೆಲಸ ಮಾಡಿ. ಮಳೆ ಹಿಡಿದ ದಿನ ಮುಟ್ಟಲೇಬೇಡಿ. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗಿ ಗಾಳಿಯ ತೇವ ಪದರದೊಳಗೆ ಸಿಕ್ಕಿಬೀಳುತ್ತದೆ, ಮೊದಲು ಹೇಳಿದ ಮಳೆಗಾಲದ ಬಿಳುಪು ಅದೇ. ಒಣ ದಿನ ಸ್ಪಿರಿಟ್ ಉಂಡೆ ಹಗುರವಾಗಿ ಆಡಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಹೊಸ್ತಿಲಿಗೆ ಮಾತ್ರ ಈ ಪಾಲಿಶ್ ಬೇಡ. ದಿನಾ ನೀರು, ಸೋಪು, ಅರಿಶಿನ ಕಂಡರೆ ಅರಗು ತಡೆಯದು. ಬಿಸಿಲು ಮಳೆಗೆ ಮೈಯೊಡ್ಡಿದ ಹೆಬ್ಬಾಗಿಲಿಗೂ ಇದೇ ಮಾತು. ಮಂಟಪದಲ್ಲಿ ದೀಪವನ್ನು ದೂರ, ತಟ್ಟೆಯ ಮೇಲೆ ಇಡಿ, ಬಿಸಿಗೆ ಅರಗು ಮೆತ್ತಗಾಗುತ್ತದೆ.

ಹಳೇ ಕುರ್ಚಿ, ಮಂಚಗಳನ್ನು ಯಂತ್ರ ಹಿಡಿದು ಉಜ್ಜಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಕಾಣದ ಮೂಲೆಯಲ್ಲಿ ಸ್ಪಿರಿಟ್ ಹತ್ತಿ ಒತ್ತಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಅಂಟಂಟಾದರೆ ಅದು ಅರಗು. ಹೊಸ ಅರಗು ಹಳೆಯದರೊಳಗೆ ಬೆರೆಯುತ್ತದೆ. ಕೊಳೆ ತೆಗೆದು ಎರಡು ತೆಳು ಕೈ ಎಳೆದರೆ ಸಾಕು, ಮರವನ್ನು ಹೆರೆಯುವ ಅಗತ್ಯವೇ ಇಲ್ಲ.

– ಪಾಲಿಶ್ ಕೆಲಸಗಾರರು, ದಾವಣಗೆರೆ