ಪಾತ್ರೆ ಅಂಗಡಿಯ ಮೂರು ಮೆಟ್ಲು

ಪುಟ್ಟೀ,

ನಿನ್ನ ಜನಶತಾಬ್ದಿ ಹತ್ತಿಸಿ ಬಂದು ಕಾಫಿ ಕುಡಿದು ಕೂತಿದೀನಿ, ಹೊರಗೆ ಮಳೆ ಹಿಡ್ಕೊಂಡಿದೆ, ನಿಮ್ಮಮ್ಮ ನನ್ನ ಹತ್ರ ಮಾತಾಡ್ತಿಲ್ಲ. ಸ್ಟೇಷನ್ನಲ್ಲಿ ನೀನೂ ಮಾತಾಡ್ಲಿಲ್ಲ. ರಾತ್ರಿ ಊಟದ ಹೊತ್ತಲ್ಲಿ ಆಗಿದ್ದನ್ನ ಮತ್ತೆ ಎತ್ತೋದು ಬೇಡ. "ಅಂಗಡಿ ಅಂಗಡಿ ತಿರುಗಿ ಬ್ಯಾಂಕಿಗೆ ದಿನದ ಉಳಿತಾಯದ ಪಿಗ್ಮಿ ದುಡ್ಡು ಎತ್ತಿದವ್ರಿಗೆ ನೆಟ್‌ವರ್ಕಿಂಗ್ ಅಂದ್ರೆ ಎಂತ ಗೊತ್ತು ಅಪ್ಪಯ್ಯ" ಅಂದ್ಯಲ್ಲ, ಅದೊಂದಕ್ಕೆ ಉತ್ತರ ಬರೀತೀನಿ. ಬೇಜಾರಿಂದ ಅಲ್ಲ. ಸ್ವಲ್ಪ ಬೇಜಾರಿದೆ, ಇಲ್ಲ ಅಂದ್ರೆ ಸುಳ್ಳಾಗತ್ತೆ.

ನೀನು ಅಮ್ಮಂಗೆ ಹೇಳ್ತಿದ್ದದ್ದು ಜಗಲಿಲಿ ಕೂತವನಿಗೆ ಕೇಳಿಸ್ತು. ಕೋರಮಂಗಲದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್‌ನವ್ರ ಮೀಟಪ್ಪು, ಲಿಫ್ಟಿಂದ ಹೊರಗೆ ಬಂದ್ರೆ ಎದುರಿಗೇ ಟೇಬಲ್ಲು, ಬ್ಯಾಡ್ಜಲ್ಲಿ ಹೆಸ್ರು ಬರ್ದೆ, ಕೆಳಗಡೆ ಕಂಪನಿ ಅಂತಿತ್ತು, ಪೆನ್ನು ಅಲ್ಲೇ ಇಟ್ಟು ಅದೇ ಲಿಫ್ಟಲ್ಲಿ ವಾಪಸ್ ಇಳಿದೆ ಅಂತ. ಅದನ್ನ ಕೇಳಿ ನಂಗೆ ತಡ್ಕೊಳಕ್ಕಾಗ್ದೆ ರೇಗಿದ್ದು. ರೇಗೋ ಹಕ್ಕು ನಂಗಿರ್ಲಿಲ್ಲ, ಯಾಕಂದ್ರೆ ನಾನೂ ಹಾಗೇ ವಾಪಸ್ ಬಂದವನೇ.

1998ರಲ್ಲಿ ಲೂನಾ ಜಾರಿ ಕಾಲು ಮುರಿದದ್ದು, ಏಳು ತಿಂಗಳು ಮನೇಲಿದ್ದದ್ದು ನಿಂಗೆ ಗೊತ್ತು. ಮತ್ತೆ ಕಲೆಕ್ಷನ್ನಿಗೆ ಹೊರಟ ಮೊದಲ್ನೇ ದಿನದ್ದು ಯಾರಿಗೂ ಗೊತ್ತಿಲ್ಲ, ನಿಮ್ಮಮ್ಮಂಗೂ. ಗಾಂಧಿ ಬಜಾರಲ್ಲಿ ಪಾತ್ರೆ ಅಂಗಡಿ ಇತ್ತಲ್ಲ, ಮೂರು ಮೆಟ್ಲು. ಹನ್ನೊಂದು ವರ್ಷ ದಿನಾ ಹತ್ತಿ ಇಳಿದ ಮೆಟ್ಲು ಅದು. ಕೆಳಗೆ ನಿಂತು ನೋಡ್ತೀನಿ, ಒಳಗೆ ಬೇರೆ ಹುಡುಗ, ಬೇರೆ ಬ್ಯಾಂಕಿನ ಬ್ಯಾಗು, ಕಾರ್ಡಲ್ಲಿ ಬರೀತಿದಾನೆ. ಸಾಹುಕಾರ್ರು ಗಲ್ಲಾದಿಂದ ಇಪ್ಪತ್ತು ರೂಪಾಯಿ ತೆಗೆದು ಕೊಟ್ರು, ನಂಗೆ ಕೊಡ್ತಿದ್ದ ಅದೇ ಇಪ್ಪತ್ತು, ಅದೇ ಥರ ನೋಟನ್ನ ಉದ್ದಕ್ಕೆ ಮಡಚಿ. ನಾನು ಚಪ್ಪಲಿ ಬಾರು ಸರಿಮಾಡ್ಕೊಳೋ ಥರ ಬಗ್ಗಿದೆ. ಬಾರಿಗೆ ಎಂತದೂ ಆಗಿರ್ಲಿಲ್ಲ. ಹಾಗೇ ತಿರುಗಿ ನಡ್ಕೊಂಡು ಹೋಗಿ ತುಂಗಾ ಸೇತುವೆ ಹತ್ರ ಸಂಜೆವರೆಗೆ ಕೂತೆ, ಮನೆಗೆ ಬಂದು "ಇವತ್ತು ಕಲೆಕ್ಷನ್ ಕಮ್ಮಿ" ಅಂದೆ. ಮಾರನೇ ದಿನ ಮತ್ತೆ ಅಲ್ಲಿಗೇ ಹೋದೆ, ಮತ್ತೆ ಚಪ್ಪಲಿ. ಮೂರನೇ ದಿನ ಎದುರಿನ ಹೂವಿನವಳು "ಎಂತ ಸಾರ್, ಚಪ್ಪಲಿ ಹೊಲಿಸ್ಬಾರ್ದಾ" ಅಂದ್ಳು. ಆ ಮಾತಿಗೆ ಆದಷ್ಟು ನಾಚಿಕೆ ಕಾಲು ಮುರಿದು ರಸ್ತೇಲಿ ಬಿದ್ದಾಗ್ಲೂ ಆಗಿರ್ಲಿಲ್ಲ ನೋಡು. ಈಗ್ಲೂ ಆ ಕಡೆ ಹೋದ್ರೆ ಮೆಟ್ಲು ಎಣಿಸ್ತೀನಿ. ಅಂಗಡಿ ಹೋಗಿ ಮೊಬೈಲ್ ಅಂಗಡಿ ಆಗಿದೆ, ಮೆಟ್ಲು ಮೂರೇ ಇದಾವೆ.

ನಾಲ್ಕನೇ ದಿನ ಧೈರ್ಯ ಬಂತು ಅಂತಲ್ಲ, ಮಳೆ ಬಂತು. ಛತ್ರಿ ಇರ್ಲಿಲ್ಲ, ಓಡೋ ಕಾಲೂ ಅಲ್ಲ, ಹತ್ತಿ ಒಳಗೆ ನಿಂತೆ. "ಎಲ್ಲಿ ಹೋಗಿದ್ರಿ ಮಾರಾಯ್ರೆ, ಕಾಲು ಹೆಂಗಿದೆ" ಅಂದ್ರು ಸಾಹುಕಾರ್ರು. ಏಳು ತಿಂಗ್ಳು ಮಲಗಿದ್ದೆ, ಈಗ ಓಡಾಡ್ತಿದೀನಿ ಅಂದೆ, ಅಷ್ಟೇ. ರಾತ್ರಿಯೆಲ್ಲಾ ಮನಸ್ಸಲ್ಲೇ ತಯಾರು ಮಾಡ್ಕೊಂಡಿದ್ದ ಕಥೆ ಯಾರಿಗೂ ಬೇಕಾಗಿರ್ಲಿಲ್ಲ. ಅವರ ಲೆಕ್ಕ ಆ ಹುಡುಗನ ಹತ್ರನೇ ಉಳೀತು, ನಂಗೆ ವಾಪಸ್ ಬರ್ಲೇ ಇಲ್ಲ. ಆದ್ರೆ ಕುಕ್ಕರ್ ಗ್ಯಾಸ್ಕೆಟ್ ತಗೊಳಕ್ಕೆ ಬಂದಿದ್ದ ಒಬ್ರು, ನನ್ನ ಪರಿಚಯದವ್ರೂ ಅಲ್ಲ, "ನೆಹರೂ ರೋಡಲ್ಲಿ ನಮ್ಮ ಭಾವ ಹೊಸದಾಗಿ ಟೈರ್ ಅಂಗಡಿ ಹಾಕಿದಾರೆ, ಒಂದ್ಸಲ ಹೋಗಿ ನೋಡಿ" ಅಂದ್ರು. ಅಲ್ಲಿಂದ ಶುರುವಾದ ಲೈನಲ್ಲೇ ನಿನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು.

ಪಿಗ್ಮಿ ಅಂತ ನಗಬೇಡ. 1928ರಲ್ಲಿ ಉಡುಪಿಯ ಬ್ಯಾಂಕಿನವ್ರು, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತಾಗಿ 2020ರಲ್ಲಿ ಕೆನರಾ ಜೊತೆ ಸೇರಿತಲ್ಲ ಅವರೇ, ದಿನಕ್ಕೆ ಎರಡಾಣೆ ಎತ್ತಕ್ಕೆ ಜನರ ಬಾಗಿಲಿಗೆ ಏಜೆಂಟರನ್ನ ಕಳಿಸಿದ್ರು. ಎರಡಾಣೆ ಕಟ್ಟಕ್ಕೆ ಅಂತ ಯಾರೂ ಬ್ಯಾಂಕಿಗೆ ಹೋಗಲ್ಲ, ದಿನಾ ಮುಖ ತೋರಿಸೋನು ಬಂದ್ರೆ ಕೊಡ್ತಾರೆ. ನೀನು ಲಿಂಕ್ಡ್‌ಇನ್ನಲ್ಲಿ ನೂರಾರು ಜನಕ್ಕೆ ಮೆಸೇಜ್ ಹಾಕಿ ಉತ್ತರ ಇಲ್ಲ ಅಂತೀಯಲ್ಲ, ಅದಕ್ಕೆ ಹೇಳ್ದೆ. ಆಮೇಲೆ ನಿನ್ನ ಹತ್ತಿರದ ಫ್ರೆಂಡ್ಸಿಗೆ ಗೊತ್ತಿರೋದು ನಿಂಗೂ ಗೊತ್ತಿರತ್ತೆ, ಎಲ್ಲಿ ಜಾಗ ಖಾಲಿ ಇದೆ ಅನ್ನೋ ಹೊಸ ಸುದ್ದಿ ಬರೋದು ಗ್ಯಾಸ್ಕೆಟ್‌ನವ್ರ ಕಡೆಯಿಂದ. ಮೊದಲ್ನೇ ದಿನವೇ ಕೆಲ್ಸ ಕೇಳಬೇಡ, ಅವರು ಈಗ ಎಂತ ಟೂಲ್ ಬಳಸ್ತಾರೆ, ನೀನು ಕೆಲ್ಸ ಬಿಟ್ಟ ಏಳು ವರ್ಷದಲ್ಲಿ ಎಂತ ಬದಲಾಗಿದೆ ಕೇಳು, ಅವರೇ ಮಾತಾಡ್ತಾರೆ, ಜನಕ್ಕೆ ಹೇಳಿಕೊಡೋದು ಅಂದ್ರೆ ಇಷ್ಟ (ನನ್ನನ್ನೇ ನೋಡು). ಗ್ಯಾಪ್ ಬಗ್ಗೆ ಕೇಳಿದ್ರೆ "ಮಗು ನೋಡ್ಕೊಂಡಿದ್ದೆ, ಈಗ ವಾಪಸ್ ಬಂದಿದೀನಿ" ಅಂತ ಒಂದೇ ಮಾತು, ಸಾರಿ ಗೀರಿ ಅನ್ನಬೇಡ. ಬಂದ ರಾತ್ರಿನೇ ಯಾರು ಎಂತ ಅಂದ್ರು ಬರೆದಿಡು, ಎರಡು ದಿನ ಬಿಟ್ಟು ಅದನ್ನೇ ನೆನಪಿಸಿ ಮೆಸೇಜ್ ಹಾಕು. ನನ್ನ ಕಲೆಕ್ಷನ್ ಡೈರೀಲಿ ಯಾರ ಮಗಳ ಮದುವೆ ಯಾವಾಗ, ಯಾರಿಗೆ ಶುಗರ್ರು ಎಲ್ಲಾ ಇತ್ತು. ಕಂಪನಿ ಅನ್ನೋ ಜಾಗದಲ್ಲಿ "ಟೆಸ್ಟಿಂಗ್" ಅಂತ ಬರಿ. ಇಲ್ಲಾ ಖಾಲಿ ಬಿಡು, ಯಾರಾದ್ರೂ ಕೇಳ್ತಾರೆ, ಕೇಳಿದ್ರೆ ಮಾತು ಶುರುವಾಗತ್ತೆ.

ಭಾಷಣ ಬೇಡ ಅಂತ್ಲೇ ಪೆನ್ನು ಹಿಡಿದಿದ್ದೆ, ಆಯ್ತು ನೋಡು.

ಆ ಕಂಪನಿ ಅನ್ನೋ ಜಾಗ ಖಾಲಿ ಮಾಡಿಸಿದ್ದು ನಾನೇ ಅಲ್ವಾ. 2018ರಲ್ಲಿ ಚಿನ್ನು ಹುಟ್ಟಿದಾಗ ನಿಂಗೆ 26 ವಾರ ರಜೆ ಇತ್ತು, ಹಿಂದಿನ ವರ್ಷವೇ ಕಾನೂನು ಬದಲಾಗಿತ್ತು, 50 ಜನ ಇಲ್ಲಾ ಅದಕ್ಕಿಂತ ಜಾಸ್ತಿ ಇರೋ ಕಡೆ ಕ್ರೆಶ್ ಇರ್ಬೇಕು ಅಂತ ಅದರಲ್ಲೇ ಇತ್ತು, ನಿಮ್ಮ ಆಫೀಸಲ್ಲಿ ಇತ್ತಂತೆ ಕೂಡ. ಕೂಸನ್ನ ಅಲ್ಲಿ ಬಿಟ್ಟು ಎಂತ ಸಂಪಾದನೆ ಅಂದವ್ನು ನಾನು. ಅಳಿಯಂದ್ರು ಅನ್ಲಿಲ್ಲ, ನಿಮ್ಮತ್ತೆ ಅನ್ಲಿಲ್ಲ. ನಿನ್ನೆ "ಯಾಕೆ ಒಳಗೆ ಹೋಗ್ಲಿಲ್ಲ" ಅಂತ ಕೂಗಿದ್ದೂ ಅದೇ ಬಾಯಿ. ತಪ್ಪಾಯ್ತು ಪುಟ್ಟಿ. ಎದುರಿಗೆ ಹೇಳಕ್ಕೆ ಬರ್ಲಿಲ್ಲ.

ನಿನ್ನ ಮೊದಲ್ನೇ ಕಂಪನಿ ಕಾರ್ಡು ದಾರದ ಸಮೇತ ನನ್ನ ಬೀರುವಲ್ಲಿದೆ, ಬಜಾರಲ್ಲಿ ಯಾರ್ಯಾರಿಗೆ ತೋರಿಸಿದೀನೋ ಲೆಕ್ಕ ಇಲ್ಲ.

ಮುಂದಿನ ಮೀಟಪ್ಪು ತಿಂಗಳ ಕೊನೇ ಶನಿವಾರ ಅಂದಿದ್ಯಲ್ಲ. ಶುಕ್ರವಾರ ನಾನು ಬರ್ತೀನಿ, ಚಿನ್ನುನ ನೋಡ್ಕೊಳ್ತೀನಿ. ಲಿಫ್ಟ್‌ವರೆಗೆ ಬರ್ಲಾ ಅಂತ ಕೇಳಲ್ಲ, ಬೈತೀಯ. ಅಮ್ಮ ಮಿಡಿ ಉಪ್ಪಿನಕಾಯಿ ಕಟ್ತಾಳಂತೆ, ಮಾತಾಡ್ದೇ ಇದ್ರೂ ಅದೊಂದು ಹೇಳಿದ್ಳು. ನಿನ್ನ ಛತ್ರಿ ಇಲ್ಲೇ ಬಿಟ್ಟು ಹೋಗಿದೀಯ, ತರ್ತೀನಿ.

ಅಪ್ಪಯ್ಯ