ಆ ಟೈರಿನ ವಿಷಯ

ಚಿ. ಪುಟ್ಟಣ್ಣನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಮಗುವಿನ ವಿಷಯ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಟೈರ್ ಪಕ್ಕದಲ್ಲಿ ಸಣ್ಣಗೆ ಬಿರುಕು ಬಂದಿದೆ, ಬಟನ್ ಇನ್ನೂ ಚೆನ್ನಾಗಿದೆ, ದೀಪಾವಳಿಗೆ ನೋಡೋಣ" ಅಂತ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಈ ಮಳೆಯಲ್ಲಿ ನೀವು ಶಿರಾಡಿ ಘಾಟಿ ಇಳಿದು ಸುಬ್ರಹ್ಮಣ್ಯಕ್ಕೆ ಹೊರಟವರು, ಅಲ್ವಾ?

ಬಟನ್ ಅಂದರೆ ನೆಲಕ್ಕೆ ತಾಗುವ ರಬ್ಬರಿನ ಉಬ್ಬು ತಾನೇ, ಅದನ್ನು ನೋಡಿ ಮೋಸ ಹೋಗಬೇಡ. ಕಾರು ಓಡದೆ ಬಿಸಿಲಲ್ಲಿ ನಿಂತಿದ್ದರೆ ಬಟನ್ ಸವೆಯುವುದಿಲ್ಲ, ಆದರೆ ರಬ್ಬರ್ ಹಳೇ ಹವಾಯಿ ಚಪ್ಪಲಿಯ ಹಾಗೆ ಗಟ್ಟಿಯಾಗಿಬಿಡುತ್ತದೆ. ನೀನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಕಾರು. ಮೊದಲಿನವರು ಕಡಿಮೆ ಓಡಿಸಿದ್ದಾರೆ ಅಂತ ನೀನು ಹೆಮ್ಮೆಯಿಂದ ಬರೆದಿದ್ದೀಯ, ನನಗೆ ಅದೇ ಭಯ.

ನಿನ್ನ ದೊಡ್ಡಪ್ಪನ ಅಂಬಾಸಿಡರ್ ಟ್ಯಾಕ್ಸಿ ತೊಳೆಯುತ್ತಿದ್ದವಳು ನಾನೇ. ಆ ದಿನ ಬೆಳಿಗ್ಗೆ ಮುಂದಿನ ಎಡ ಚಕ್ರ ಉಜ್ಜುವಾಗ ಬಿರುಕಿನೊಳಗೆ ನನ್ನ ಹೆಬ್ಬೆರಳಿನ ಉಗುರು ಇಳಿಯಿತು. ಸೋಪಿನ ನೊರೆ ಅದರಲ್ಲೇ ಕೂತಿತು. ನಿಮ್ಮಮ್ಮನ ಮದುವೆಗೆ ದುಡ್ಡು ಕೂಡಿಡುತ್ತಿದ್ದ ವರ್ಷ ಅದು. ಹೇಳಿದರೆ ಖರ್ಚು ಅಂತ ಸುಮ್ನಾದೆ. ಅದೇ ಘಾಟಿಯಲ್ಲಿ ಮಾರನಹಳ್ಳಿ ದಾಟಿದ ಮೇಲೆ ಆ ಟೈರ್ ಸಿಡಿದದ್ದು ನಿನಗೆ ಗೊತ್ತೇ ಇದೆ. ಅವರು ಇರುವವರೆಗೂ ಆ ಉಗುರಿನ ವಿಷಯ ಅವರಿಗೆ ಹೇಳಲಾಗಲಿಲ್ಲ.

ನಿನಗೆ ಪಾಠ ಮಾಡುವಷ್ಟು ನನಗೆ ತಿಳಿಯದು, ಆದರೂ ಬರೆಯುತ್ತೇನೆ. ಟೈರಿನ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಡಿಒಟಿ (DOT) ಅಂತ ಇರುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2317 ಅಂದರೆ 2017ರ 23ನೇ ವಾರ ತಯಾರಾದದ್ದು. ಹೊರಗೆ ಕಾಣದಿದ್ದರೆ ಒಳಬದಿಗೆ ಬಗ್ಗಿ ನೋಡು. ಐದು ವರ್ಷ ದಾಟಿದರೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಹತ್ತಾದರೆ ಬಟನ್ ಎಷ್ಟೇ ಇರಲಿ, ತೆಗೆಸಿಬಿಡು. ಬಟನ್ ಸವೆದು ಮುಗಿಯಲು ಬಂದರೆ ಅದರ ನಡುವಿನ ಕಾಲುವೆಯೊಳಗಿನ ಸಣ್ಣ ದಿಬ್ಬದ ಮಟ್ಟಕ್ಕೆ ಬರುತ್ತದೆ. ಅದು 1.6 ಮಿಲಿಮೀಟರ್, ಅದಕ್ಕಿಂತ ಸವೆದರೆ ಕಾನೂನು ಒಪ್ಪುವುದಿಲ್ಲ. ಮಳೆಗೆ ಅದಕ್ಕಿಂತ ಮೊದಲೇ ಬದಲಿಸುವುದು ಒಳ್ಳೆಯದು.

ಮೇಲ್ಮೈಯ ಗೀರು ಅಷ್ಟು ಅಪಾಯವಲ್ಲ ಅಂತ ಮೆಕ್ಯಾನಿಕ್‌ಗಳು ಹೇಳುವುದು ಸುಳ್ಳಲ್ಲ. ಆದರೆ ಉಗುರು ಇಳಿದರೆ, ಒಳಗಿನ ನೂಲು ಕಂಡರೆ, ಎಲ್ಲಾದರೂ ಉಬ್ಬಿದ್ದರೆ, ಮಾತೇ ಬೇಡ, ತೆಗೆಸಿಬಿಡು.

ಗಾಳಿ ಬೆಳಿಗ್ಗೆ ಕಾರು ತಣ್ಣಗಿರುವಾಗ ನೋಡು. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಹತ್ತಿರ ಚೀಟಿ ಅಂಟಿಸಿರುತ್ತಾರೆ. ಕಡಿಮೆ ಗಾಳಿಯಲ್ಲಿ ಜೋರಾಗಿ ಓಡಿದರೆ ಟೈರ್ ಒಳಗೊಳಗೇ ಕಾಯುತ್ತದೆ, ಹಳೇ ಟೈರಾದರೆ ಅಲ್ಲೇ ಸಿಡಿಯುವುದು. ಮತ್ತೆ ಅದೇ ಹೇಳುತ್ತಿದ್ದೇನೆ, ಬೇಜಾರಾಗಬೇಡ.

ಎರಡಕ್ಕೆ ಮಾತ್ರ ದುಡ್ಡು ಹೊಂದಿದರೆ ಹೊಸದನ್ನು ಹಿಂದಕ್ಕೆ ಹಾಕಿಸು ಅಂತಾರೆ, ನೀರಿನ ತಿರುವಿನಲ್ಲಿ ಹಿಂಬದಿ ಜಾರಬಾರದಂತೆ. ಅಯ್ಯೋ, ಏನು ಬರೆದೆ, ನಾಲ್ಕೂ ಬಿರುಕು ಬಿಟ್ಟಿದ್ದರೆ ಎರಡು ಹಾಕಿ ಏನು ಬಂತು? ಅಡಿಕೆ ದುಡ್ಡು ನನ್ನ ಹತ್ತಿರ ಸುಮ್ನೆ ಬಿದ್ದಿದೆ, ಕೇಳಲು ಸಂಕೋಚ ಮಾಡಬೇಡ. ಟೈರ್ ಬದಲಾಗುವ ಮೊದಲೇ ಹೊರಡಬೇಕಾದರೆ ಬಸ್ಸಿನಲ್ಲೇ ಹೋಗಿ.

ಸ್ಟೆಪ್ನಿ ಸೇರಿಸಿ ಐದೂ ಟೈರಿನ ಅಂಕಿಗಳ ಫೋಟೋ ನಾಳೆಯೇ ಕಳಿಸು. ನಿಮ್ಮಮ್ಮನಿಗೆ ಈಗ ಹೇಳಬೇಡ, ಅವಳು ರಂಪ ಮಾಡುತ್ತಾಳೆ.

ಇಂತಿ,
ನಿನ್ನ ದೊಡ್ಡಮ್ಮ